ಮರಳೇ ರನ್‌ವೇ: ಸ್ಕಾಟ್ಲೆಂಡಿನ ದ್ವೀಪಗಳ ಉಚಿತ ಸೀನರಿ ಹೇಗಿದೆ?

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಎಂಬ ವಿಮಾನ ಹಾರಿಸುವ ಕಂಪ್ಯೂಟರ್ ಆಟಕ್ಕೆ (ಮುಂದೆ ಬರೀ 'ಸಿಮ್') 2021ರ ಫೆಬ್ರವರಿಯಲ್ಲಿ ಮೂರನೇ ವರ್ಲ್ಡ್ ಅಪ್‌ಡೇಟ್, ಅಂದರೆ ಒಂದು ಪ್ರದೇಶದ ಸೀನರಿಯನ್ನು (ನೆಲ, ಕಟ್ಟಡಗಳ ಚಿತ್ರಣ) ಸುಧಾರಿಸುವ ಪ್ಯಾಕ್, ಬಂತು. ಬ್ರಿಟನ್ ಮತ್ತು ಐರ್ಲೆಂಡ್‌ನ ಈ ಪ್ಯಾಕ್ ಪೂರ್ತಿ ಉಚಿತ. ಲಂಡನ್, ಆಕ್ಸ್‌ಫರ್ಡ್, ಕೇಂಬ್ರಿಜ್ ಊರುಗಳ ಫೋಟೋಗ್ರಾಮೆಟ್ರಿ (ಫೋಟೋಗಳಿಂದ ಕಟ್ಟಿದ ಮೂರು ಆಯಾಮದ ನಗರ) ನೋಡಿ, ಥೇಮ್ಸ್ ಮೇಲೆ ಒಂದು ಸುತ್ತು ಹೊಡೆದು ಮರೆತವರೇ ಹೆಚ್ಚು. ಅದರೊಳಗೆ ಕೈಯಿಂದ ಕಟ್ಟಿದ ಐದು ವಿಮಾನ ನಿಲ್ದಾಣಗಳಿವೆ: ಲಿವರ್‌ಪೂಲ್, ಮ್ಯಾಂಚೆಸ್ಟರ್ ಬಾರ್ಟನ್, ಲ್ಯಾಂಡ್ಸ್ ಎಂಡ್, ಬ್ಯಾರಾ, ಔಟ್ ಸ್ಕೆರೀಸ್. ಕೊನೆಯ ಎರಡು ಸ್ಕಾಟ್ಲೆಂಡಿನ ದ್ವೀಪಗಳು. ಒಂದರಲ್ಲಿ ರನ್‌ವೇ ಎಂದರೆ ಕಡಲತೀರದ ಮರಳು, ಇನ್ನೊಂದರಲ್ಲಿ 400 ಮೀಟರಿಗೂ ಕಡಿಮೆ ಉದ್ದದ ಜಲ್ಲಿ ಪಟ್ಟಿ. ಈ ಎರಡಕ್ಕಾಗಿಯೇ ಪ್ಯಾಕ್ ಇಳಿಸಿಕೊಳ್ಳಬಹುದು. ಇವುಗಳ ನಡುವೆ ಇರುವ ಆರ್ಕ್ನಿ, ಫೇರ್ ಐಲ್ ಮುಂತಾದ ಹತ್ತಾರು ಪಟ್ಟಿಗಳನ್ನು ಮಾತ್ರ ಯಾರೂ ಕೈಯಿಂದ ಕಟ್ಟಿಲ್ಲ. ಅಲ್ಲಿ ಸಿಮ್ ಹೇಗೆ ಮುಗ್ಗರಿಸುತ್ತದೆ, ಏನು ಮಾಡಬೇಕು ಎನ್ನುವುದನ್ನೂ ಇಲ್ಲಿ ನೋಡೋಣ. ಇಲ್ಲಿ ಹೇಳಿದ್ದೆಲ್ಲ 2020ರ ಆವೃತ್ತಿಯ ಪಿಸಿ ಬಳಕೆದಾರರಿಗೆ.

ಮೊದಲು ಇಳಿಸಿಕೊಳ್ಳುವ ಕೆಲಸ. ಮಾರ್ಕೆಟ್‌ಪ್ಲೇಸ್‌ನಲ್ಲಿ ಮೂರನೇ ವರ್ಲ್ಡ್ ಅಪ್‌ಡೇಟ್ ಹುಡುಕಿ ಸೊನ್ನೆ ಬೆಲೆಗೆ ಕೊಳ್ಳಬೇಕು. ಕೊಂಡ ಮಾತ್ರಕ್ಕೆ ಡಿಸ್ಕಿಗೆ ಬಂದಿದೆ ಎಂದುಕೊಳ್ಳಬೇಡಿ. ಪ್ರೊಫೈಲ್ ಒಳಗಿನ ಕಂಟೆಂಟ್ ಮ್ಯಾನೇಜರ್ ತೆರೆದು, ಈ ಅಪ್‌ಡೇಟಿಗೆ ಸೇರಿದ ಪ್ಯಾಕೇಜುಗಳೆಲ್ಲ 'ಇನ್‌ಸ್ಟಾಲ್ಡ್' ಎಂದು ತೋರಿಸುತ್ತಿವೆಯೇ ನೋಡಿ. ಇಲ್ಲದಿದ್ದರೆ ಗುರುತು ಹಾಕಿ ಇಳಿಸಿ, ಸಿಮ್ ಮುಚ್ಚಿ ತೆರೆಯಿರಿ. "ಬ್ಯಾರಾಕ್ಕೆ ಹೋದರೆ ಏನೂ ಇಲ್ಲ, ಬರೀ ಮರಳು" ಎಂಬ ದೂರಿಗೆ ಸಾಮಾನ್ಯ ಕಾರಣ ಈ ಎರಡನೇ ಹೆಜ್ಜೆ ತಪ್ಪಿಸಿಕೊಂಡಿರುವುದು.

ಮುಂದಿನದು ಜನರಲ್ ಆಪ್ಷನ್ಸ್‌ನ ಡೇಟಾ ಪುಟ. ಬಿಂಗ್ ಡೇಟಾ ವರ್ಲ್ಡ್ ಗ್ರಾಫಿಕ್ಸ್ ಆನ್ ಇರಲೇಬೇಕು. ಅದು ಆಫ್ ಆದರೆ ದ್ವೀಪದ ನೆಲವೆಲ್ಲ ಒಂದೇ ತರಹದ ಹಸಿರು ಹೊದಿಕೆಯಾಗಿ, ಮರಳಿನ ದಂಡೆ, ಕಲ್ಲುಗೋಡೆ, ಹೊಲದ ಅಂಚು ಯಾವುದೂ ಉಳಿಯುವುದಿಲ್ಲ. ಫೋಟೋಗ್ರಾಮೆಟ್ರಿಯನ್ನು ಇಲ್ಲಿ ಧಾರಾಳವಾಗಿ ಆಫ್ ಮಾಡಬಹುದು. ಅದು ಬೇಕಾಗುವುದು ನಗರಗಳಿಗೆ. ದ್ವೀಪಗಳಲ್ಲಿ ಅದರಿಂದ ಸಿಗುವುದೇನಿಲ್ಲ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಡುವವರಿಗೆ ಡೇಟಾ ಉಳಿಯುತ್ತದೆ. ನೆಟ್ ನಿಧಾನವಿರುವ ಊರಿನವರಿಗೆ ಇನ್ನೊಂದು ದಾರಿ ಮ್ಯಾನುಯಲ್ ಕ್ಯಾಶ್. ಅದೇ ಡೇಟಾ ಪುಟದಲ್ಲಿ ನಕ್ಷೆ ತೆರೆದು, ಬ್ಯಾರಾದ ಸುತ್ತ ಒಂದು ಚೌಕ ಎಳೆದು, ಗುಣಮಟ್ಟ 'ಹೈ' ಆರಿಸಿ ರಾತ್ರಿ ಇಳಿಯಲು ಬಿಡಿ. ಸುತ್ತ ಬರೀ ಸಮುದ್ರ, ಆದ್ದರಿಂದ ಚೌಕ ಚಿಕ್ಕದಿದ್ದರೆ ಸಾಕು. ಹಾರುವಾಗ ತಾನಾಗಿ ತುಂಬಿಕೊಳ್ಳುವ ರೋಲಿಂಗ್ ಕ್ಯಾಶ್ ಎಸ್‌ಎಸ್‌ಡಿ ಮೇಲಿರಲಿ. ವರ್ಲ್ಡ್ ಅಪ್‌ಡೇಟ್ ಹಾಕಿದ ಮೇಲೆ ಹಳೆಯ ರೋಲಿಂಗ್ ಕ್ಯಾಶನ್ನು ಒಮ್ಮೆ ಅಳಿಸಿಬಿಡಿ. ಇಲ್ಲದಿದ್ದರೆ ಹೊಸ ಎತ್ತರ ನಕ್ಷೆಯ ಮೇಲೆ ಹಳೆಯ ಚಿತ್ರ ಕೂತು, ತೀರದ ರಸ್ತೆಯೊಂದು ನೀರಿಗಿಳಿದಂತೆ ಕಾಣಬಹುದು.

ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಂಪನಿ ಹೇಳುವ ಶಿಫಾರಸು 16 ಜಿಬಿ ರ‍್ಯಾಮ್, ಜಿಟಿಎಕ್ಸ್ 970 ದರ್ಜೆಯ ಕಾರ್ಡ್, 20 ಎಂಬಿಪಿಎಸ್ ನೆಟ್. ಲಂಡನ್ ಮೇಲೆ ಈ ಯಂತ್ರ ಏದುಸಿರು ಬಿಡುತ್ತದೆ, ದ್ವೀಪಗಳ ಮೇಲೆ ಹಾಯಾಗಿರುತ್ತದೆ. ಹಾಗಾಗಿ ಇಲ್ಲಿ ಟೆರೇನ್ ಲೆವೆಲ್ ಆಫ್ ಡೀಟೇಲನ್ನು 100ರಿಂದ 150ಕ್ಕೋ 200ಕ್ಕೋ ಏರಿಸಿ. ದೂರದ ದ್ವೀಪಗಳ ಗೆರೆ ಮಸುಕಾಗಿ ಕರಗದೆ ಚೂಪಾಗಿ ಕಾಣುವುದು ದಾರಿ ಹುಡುಕಲಿಕ್ಕೂ ಬೇಕು.

ಬ್ಯಾರಾ

ಹೊರ ಹೆಬ್ರಿಡೀಸ್ ಸಾಲಿನ ದಕ್ಷಿಣದ ತುದಿಯಲ್ಲಿ ಬ್ಯಾರಾ ದ್ವೀಪವಿದೆ. ಅದರ ಉತ್ತರ ಭಾಗದಲ್ಲಿ ಎರಡು ಕಡಲತೀರಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಪಶ್ಚಿಮದ್ದು ಅಟ್ಲಾಂಟಿಕ್‌ಗೆ ಮುಖ ಮಾಡಿದ್ದು, ಪೂರ್ವದ್ದು ಅಗಲವಾದ ಚಪ್ಪಟೆ ಕೊಲ್ಲಿ, ನಡುವೆ ಮರಳು ದಿಬ್ಬಗಳ ಕಿರಿದಾದ ಕತ್ತು. ಪೂರ್ವದ ತೀರದ ಹೆಸರು ಟ್ರಾಯ್ ವೋರ್. ಗೇಲಿಕ್‌ನಲ್ಲಿ 'ದೊಡ್ಡ ತೀರ' ಎಂದಷ್ಟೇ ಅರ್ಥ. 1936ರಿಂದ ವಿಮಾನಗಳು ಇಳಿಯುತ್ತಿರುವುದು ಈ ಮರಳಿನ ಮೇಲೆ. ಉಬ್ಬರ ಬಂದರೆ ರನ್‌ವೇಗಳು ನೀರಡಿಗೆ ಹೋಗುತ್ತವೆ. ಆದ್ದರಿಂದ ಗ್ಲಾಸ್ಗೋದಿಂದ ಬರುವ ಲೋಗನ್‌ಏರ್ ಕಂಪನಿಯ ಟ್ವಿನ್ ಆಟರ್ ವಿಮಾನಕ್ಕೆ ವೇಳಾಪಟ್ಟಿ ಬರೆಯುವುದು ಸಮುದ್ರ. ವಿಮಾನ ಇಲ್ಲದ ಹೊತ್ತಿನಲ್ಲಿ ಊರವರು ಅಲ್ಲೇ ಕಾಕಲ್ ಹೆಕ್ಕುತ್ತಾರೆ. ನಮ್ಮ ಕರಾವಳಿಯಲ್ಲಿ ಅಳಿವೆಯ ಕೆಸರಿನಿಂದ ಮರುವಾಯಿ ಹೆಕ್ಕುವಂಥದೇ ಕೆಲಸ. ಗಾಳಿಚೀಲ ಮೇಲೇರಿದ್ದರೆ ನಿಲ್ದಾಣ ನಡೆಯುತ್ತಿದೆ, ಮರಳಿಗಿಳಿಯಬೇಡಿ ಎಂಬ ಫಲಕವೂ ಅಲ್ಲಿದೆ.

ಮೂರು ರನ್‌ವೇಗಳು ತ್ರಿಕೋನವಾಗಿ ಒಂದನ್ನೊಂದು ಹಾಯುತ್ತವೆ. ರನ್‌ವೇಯ ಅಂಕಿ ಅದರ ಎರಡು ತುದಿಗಳಿಂದ ಹೊರಡುವ ದಿಕ್ಕು, 25 ಎಂದರೆ ಸುಮಾರು 250 ಡಿಗ್ರಿ. 07/25 799 ಮೀಟರ್, 11/29 680 ಮೀಟರ್, 15/33 846 ಮೀಟರ್. ಟಾರು ಇಲ್ಲ, ಬಣ್ಣದ ಗೆರೆ ಇಲ್ಲ, ದೀಪವೂ ಇಲ್ಲ. ತುದಿಗಳಲ್ಲಿ ನೆಟ್ಟ ಮರದ ಕಂಬಗಳೇ ಗುರುತು. ಸೀನರಿಯಲ್ಲಿ ಟರ್ಮಿನಲ್ ಕಟ್ಟಡ ಮತ್ತು ಸುತ್ತಲಿನ ದಿಬ್ಬಗಳು ಜಾಗಕ್ಕೆ ಸರಿಯಾಗಿ ಕೂತಿವೆ. ಮರಳಿನ ಬಣ್ಣವಂತೂ ಸಂಜೆಯ ಓರೆ ಬಿಸಿಲಿನಲ್ಲಿ ಬಹಳ ಚೆನ್ನ. ಹೊಸಬರು ಎಡವುವುದು ರನ್‌ವೇ ಹುಡುಕುವುದರಲ್ಲಿ. ಐದು ಮೈಲಿ ದೂರದಿಂದ ಕಾಣುವುದು ಬಿಳಿ ಮರಳಿನ ಬಟ್ಟಲು ಮಾತ್ರ. ಅಲ್ಲಿಂದ 25 ಯಾವುದು, 29 ಯಾವುದು ಎಂದು ಹುಡುಕುತ್ತ ಕೂತರೆ ಎತ್ತರ ಕೈತಪ್ಪುತ್ತದೆ. ಸುಲಭ ಉಪಾಯ: ಬಟ್ಟಲಿನ ಪಶ್ಚಿಮ ಅಂಚಿನ ಟರ್ಮಿನಲನ್ನು ಮೊದಲು ಕಣ್ಣಿಗೆ ಹಾಕಿಕೊಳ್ಳಿ. ಅದರ ಮೇಲೆ 1,000 ಅಡಿಯಲ್ಲಿ ಒಂದು ಸುತ್ತು ಹಾಕಿ, ಗಾಳಿಚೀಲ ನೋಡಿ, ಹೆಡಿಂಗ್ ಬಗ್ ಅನ್ನು (ದಿಕ್ಸೂಚಿಯ ಮೇಲಿನ ಗುರುತು) ಬೇಕಾದ ರನ್‌ವೇ ದಿಕ್ಕಿಗೆ ತಿರುಗಿಸಿ, ಆಮೇಲೆ ಡೌನ್‌ವಿಂಡ್‌ಗೆ, ಅಂದರೆ ರನ್‌ವೇ ಪಕ್ಕದಲ್ಲಿ ಇಳಿಯುವ ದಿಕ್ಕಿಗೆ ವಿರುದ್ಧವಾಗಿ, ಹೋಗಿ. ಫೈನಲ್‌ಗೆ (ಇಳಿಯುವ ನೇರ ಹಾದಿಗೆ) ತಿರುಗಿದಾಗ ಬಗ್ ನೇರ ಮೇಲೆ ನಿಂತಿದ್ದರೆ ಕಂಬಗಳು ತಾವಾಗಿ ಎದುರಿಗೆ ಬರುತ್ತವೆ. ಉತ್ತರಕ್ಕೆ ಸುಮಾರು ನೂರು ಮೀಟರ್ ಎತ್ತರದ ಬೆನ್ ಇಯೊಲಿಗರಿ ಗುಡ್ಡ, ದಕ್ಷಿಣಕ್ಕೆ 383 ಮೀಟರಿನ ಹೀವಲ್. ತಗ್ಗಿನ ಮೋಡದ ದಿನ ಇವೆರಡನ್ನೂ ಮರೆಯಬಾರದು. ನಿಲ್ದಾಣದ ಎತ್ತರ ಬರೀ 5 ಅಡಿ, ಹಾಗಾಗಿ ಆಲ್ಟಿಮೀಟರ್ ಹೊಂದಿಸಿಲ್ಲದಿದ್ದರೆ ಮುಳ್ಳು ಸೊನ್ನೆಗಿಂತ ಕೆಳಗೂ ಹೋದೀತು. ಬಿ ಕೀಲಿ ಒತ್ತಿದರೆ ಆ ಜಾಗದ ಒತ್ತಡ ತಾನೇ ಕೂರುತ್ತದೆ.

ಯಾವ ರನ್‌ವೇ ಎನ್ನುವ ಲೆಕ್ಕ ಸ್ವಾರಸ್ಯದ್ದು. ಗಾಳಿ 250ರಿಂದ 330 ಡಿಗ್ರಿಯೊಳಗೆ ಅಥವಾ 070ರಿಂದ 150ರೊಳಗೆ ಬೀಸುತ್ತಿದ್ದರೆ, ಮೂರರಲ್ಲಿ ಯಾವುದಾದರೊಂದು ಗಾಳಿಗೆ 20 ಡಿಗ್ರಿಯೊಳಗೆ ಸಿಕ್ಕೇ ಸಿಗುತ್ತದೆ. ಉತ್ತರ ಮತ್ತು ದಕ್ಷಿಣದ ಗಾಳಿಗೆ ಈ ಸುಖವಿಲ್ಲ. 210ರಿಂದ 25 ನಾಟ್ ಬಂದರೆ ಉತ್ತಮ ಆಯ್ಕೆ 25. ಆಗಲೂ 40 ಡಿಗ್ರಿ ಓರೆ, ಅಂದರೆ ಅಡ್ಡಗಾಳಿ 16 ನಾಟ್. ಹೊಸಬರು ಅಂಥ ದಿನ ಲೈವ್ ವೆದರ್ ಬಿಟ್ಟು, ಪಶ್ಚಿಮದಿಂದ 10 ನಾಟ್ ಗಾಳಿ ತಾವೇ ಹೊಂದಿಸಿಕೊಂಡು 25ಕ್ಕೋ 29ಕ್ಕೋ ಅಭ್ಯಾಸ ಮಾಡುವುದು ವಾಸಿ. ಹೆಬ್ರಿಡೀಸ್‌ನಲ್ಲಿ ಗಾಳಿ ನಿಂತ ದಿನವೇ ಅಪರೂಪ.

ಇನ್ನು ದೊಡ್ಡ ಕೊರತೆ. ಈ ಸಿಮ್‌ನಲ್ಲಿ ಉಬ್ಬರವಿಳಿತವಿಲ್ಲ. ಬ್ಯಾರಾ ಇಲ್ಲಿ ಯಾವಾಗಲೂ ಇಳಿತದಲ್ಲೇ ಇರುತ್ತದೆ, ಬೆಳಿಗ್ಗೆ ಮಧ್ಯಾಹ್ನ ಎನ್ನದೆ ಮರಳು ಒಣಗಿ ಬಿದ್ದಿರುತ್ತದೆ. ಮರಳಿನ ಮೇಲೆ ನೀರಿನ ಓಣಿಗಳಂತೆ ಕಾಣುವುದು ಉಪಗ್ರಹ ಚಿತ್ರದಲ್ಲಿ ಅಚ್ಚಾದ ಒದ್ದೆ ಗುರುತು, ಅದಕ್ಕೆ ಹೆದರಬೇಕಿಲ್ಲ. ಆದರೆ ಪೂರ್ವದ ಅಂಚಿನಲ್ಲಿ ನಿಜವಾದ ನೀರಿನ ಗಡಿ ಶುರುವಾಗುತ್ತದೆ. ಕ್ರ್ಯಾಶ್ ಆನ್ ಇದ್ದು ಚಕ್ರ ಅದಕ್ಕಿಳಿದರೆ ಹಾರಾಟ ಮುಗಿದಂತೆ. ಈ ನಿಲ್ದಾಣದ ಬದುಕೇ ಉಬ್ಬರದ ಮೇಲೆ ನಿಂತಿರುವಾಗ ಅದನ್ನು ಬಿಟ್ಟು ಬ್ಯಾರಾ ಕಟ್ಟಿದ್ದು, ಉಪ್ಪಿಲ್ಲದ ಮೀನು ಸಾರು ಬಡಿಸಿದ ಹಾಗೆ. ಸಮಾಧಾನಕ್ಕೆ ಒಂದು ಶಿಸ್ತು ಹಾಕಿಕೊಳ್ಳಬಹುದು. ಬ್ಯಾರಾದ ನಿಜವಾದ ಉಬ್ಬರ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ. ಅಂದಿನ ಇಳಿತದ ಹೊತ್ತು ಗುರುತಿಸಿ, ಅದಕ್ಕೆ ಎರಡು ಗಂಟೆ ಆಚೀಚೆ ಮಾತ್ರ ಇಳಿಯುವುದು ಎಂದು ನಿಯಮ ಮಾಡಿಕೊಳ್ಳಿ. ತಡವಾದರೆ ಹತ್ತಿರದ ದ್ವೀಪಗಳಾದ ಬೆನ್‌ಬೆಕ್ಯುಲಾಕ್ಕೋ ಟೈರೀಗೋ ತಿರುಗಿಸಿ. ಬೆನ್‌ಬೆಕ್ಯುಲಾ ಉತ್ತರಕ್ಕೆ ಸುಮಾರು 28 ನಾಟಿಕಲ್ ಮೈಲಿ, ಟೈರೀ ಆಗ್ನೇಯಕ್ಕೆ ಸುಮಾರು 36. ಹಾಗಾಗಿ ಅಷ್ಟು ಹೆಚ್ಚುವರಿ ಇಂಧನ ಇಟ್ಟುಕೊಂಡೇ ಹೊರಡಬೇಕು. ಈ ಒಂದು ನಿಯಮದಿಂದ ಗ್ಲಾಸ್ಗೋದಿಂದ ಬರುವ 121 ನಾಟಿಕಲ್ ಮೈಲಿಯ ಸಪ್ಪೆ ಹಾರಾಟಕ್ಕೆ ಗಡಿಯಾರದ ಒತ್ತಡ ಬರುತ್ತದೆ.

ಭಾರತದಲ್ಲಿ ಕೂತು ಲೈವ್ ಟೈಮ್‌ನಲ್ಲಿ ಆಡುವವರಿಗೆ ಇನ್ನೊಂದು ಲೆಕ್ಕ. ಬ್ರಿಟನ್ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಕೂತರೆ ಜೂನ್‌ನಲ್ಲಿ ಅಲ್ಲಿ ಇಳಿಹೊತ್ತು ನಾಲ್ಕೂವರೆ, ಬೆಳಕಿಗೆ ಬರವಿಲ್ಲ. ಡಿಸೆಂಬರ್‌ನಲ್ಲಿ ಅದೇ ಹೊತ್ತಿಗೆ ಅಲ್ಲಿ ಮೂರೂವರೆ. ಔಟ್ ಸ್ಕೆರೀಸ್ ಇರುವ ಉತ್ತರದ ಶೆಟ್ಲೆಂಡ್‌ನಲ್ಲಿ ಸೂರ್ಯ ಆಗಲೇ ಮುಳುಗಿರುತ್ತಾನೆ, ಬ್ಯಾರಾದಲ್ಲಿ ಮುಳುಗುವ ಹವಣಿಕೆಯಲ್ಲಿರುತ್ತಾನೆ. ದೀಪವಿಲ್ಲದ ಮರಳಿಗೆ ಕತ್ತಲಲ್ಲಿ ಇಳಿಯುವುದು ಬೇಡ. ಚಳಿಗಾಲದಲ್ಲಿ ಹವಾಮಾನ ಲೈವ್ ಇಟ್ಟು, ಗಂಟೆಯನ್ನು ಮಾತ್ರ ಅಲ್ಲಿನ ಹನ್ನೆರಡಕ್ಕೆ ಸರಿಸಿಕೊಳ್ಳಿ.

ಯಾವ ವಿಮಾನ?

ನಿಜದ ಬ್ಯಾರಾ ಸೇವೆಯಲ್ಲಿರುವುದು ಟ್ವಿನ್ ಆಟರ್‌ನ 400 ಮಾದರಿ. ಸಿಮ್‌ಗೆ ಏರೋಸಾಫ್ಟ್‌ನ ಟ್ವಿನ್ ಆಟರ್ ದುಡ್ಡು ಕೊಟ್ಟು ಕೊಳ್ಳುವ ಆ್ಯಡ್-ಆನ್. ಅದು ಹಳೆಯ 300ರ ಸಾಲಿನದು, ಕಾಕ್‌ಪಿಟ್‌ನಲ್ಲಿ ಪರದೆಗಳ ಬದಲು ಮುಳ್ಳಿನ ಗಡಿಯಾರಗಳು. ದ್ವೀಪಗಳಿಗೆ ಇದಕ್ಕಿಂತ ಒಪ್ಪುವ ವಿಮಾನ ಇಲ್ಲ. ಫ್ಲ್ಯಾಪ್ (ರೆಕ್ಕೆಯ ಹಿಂದಿನ ಹಲಗೆ) 20 ಡಿಗ್ರಿಗೆ ಇಳಿಸಿ 80 ನಾಟ್‌ನಲ್ಲಿ ಫೈನಲ್, ಪ್ರಾಪ್ (ಪ್ರೊಪೆಲ್ಲರ್) ಹಿಡಿ ಪೂರ್ತಿ ಮುಂದೆ, ಮರಳಿನ ಅಂಚಿಗೆ ಬರುವಾಗ 70–75. ಮುಟ್ಟಿದ ಮೇಲೆ ಬ್ರೇಕ್ ಒತ್ತುವುದಕ್ಕಿಂತ ಪ್ರಾಪ್‌ಗಳನ್ನು ರಿವರ್ಸ್‌ಗೆ ಎಳೆಯಿರಿ. ಥ್ರಾಟಲ್ ಕ್ವಾಡ್ರಂಟ್ ಇಲ್ಲದವರು ಚಕ್ರ ನೆಲ ಮುಟ್ಟಿದ ಮೇಲೆ ಎಫ್2 ಕೀಲಿ ಒತ್ತಿ ಹಿಡಿದರೆ ಸಾಕು. ಗಾಳಿಯಲ್ಲೇ ಹಿಡಿದರೆ ಆಗುವ ಅನಾಹುತಕ್ಕೆ ಸೀನರಿಯನ್ನು ಬೈಯಬಾರದು. ವಿಮಾನ ನಿಂತಾಗ 300–400 ಮೀಟರ್ ಮರಳು ಮಿಕ್ಕಿರುತ್ತದೆ.

ದುಡ್ಡು ಕೊಡಲು ಮನಸ್ಸಿಲ್ಲದವರು ಸಿಮ್ ಜೊತೆಗೇ ಬರುವ ಸೆಸ್ನಾ 208 ಕ್ಯಾರವಾನ್ ತೆಗೆದುಕೊಳ್ಳಲಿ. ಒಂದೇ ಎಂಜಿನ್, ಆದರೆ ಅದೇ ಟರ್ಬೊಪ್ರಾಪ್ ಅಭ್ಯಾಸ, ಅದೇ ರಿವರ್ಸ್. 75–80 ನಾಟ್‌ಗೆ ಪೂರ್ತಿ ಫ್ಲ್ಯಾಪ್ ಹಾಕಿ ಬಂದರೆ 680 ಮೀಟರಿನ ಚಿಕ್ಕ ರನ್‌ವೇಯಲ್ಲೂ ಆರಾಮ. 2022ರ ನವೆಂಬರ್‌ನಲ್ಲಿ ಬಂದ 40ನೇ ವರ್ಷದ ಉಚಿತ ಆವೃತ್ತಿಯಲ್ಲಿ ಡಿ ಹ್ಯಾವಿಲೆಂಡ್ ಬೀವರ್ ಕೂಡ ಇದೆ. ಅದು ಬಾಲಚಕ್ರದ್ದು, ಮರಳಿನ ಮೇಲೆ ಅಡ್ಡಗಾಳಿಗೆ ಸರ್ರನೆ ತಿರುಗಿ ನಿಲ್ಲುತ್ತದೆ, ರಡರ್ ಪೆಡಲ್ ಇಲ್ಲದವರು ಅದರ ಸಹವಾಸಕ್ಕೆ ಹೋಗದಿರುವುದೇ ಒಳ್ಳೆಯದು.

ಔಟ್ ಸ್ಕೆರೀಸ್

ಶೆಟ್ಲೆಂಡ್‌ನ ಪೂರ್ವಕ್ಕೆ ಮೂರು ಪುಟ್ಟ ದ್ವೀಪಗಳ ಗೊಂಚಲು: ಹೌಸೇ, ಬ್ರೂರೇ, ಗ್ರೂನೇ. ಮೊದಲೆರಡನ್ನು ಒಂದು ಸೇತುವೆ ಕೂಡಿಸಿದೆ. ಬ್ರೂರೇ ಮೇಲೆ ಜಲ್ಲಿಯ ಪಟ್ಟಿ. ಪಕ್ಕದ ಬೌಂಡ್ ಸ್ಕೆರಿ ಬಂಡೆಯ ಮೇಲಿನ ದೀಪಸ್ತಂಭವೇ ಇಲ್ಲಿಗೆ ದಾರಿ ತೋರಿಸುವ ಕಂಬ. ದೂರದಿಂದ ಮೊದಲು ಕಾಣುವುದು ಅದೇ. ಶೆಟ್ಲೆಂಡ್‌ನ ಮುಖ್ಯ ದ್ವೀಪದ ಟಿಂಗ್ವಾಲ್ ನಿಲ್ದಾಣದಿಂದ ಸುಮಾರು 20 ನಾಟಿಕಲ್ ಮೈಲಿ, ಹತ್ತು ನಿಮಿಷದ ದಾರಿ. ಆಯ್ಕೆ ಮಾಡಿದವರ ರುಚಿ ಮೆಚ್ಚಬೇಕು. ಲಿವರ್‌ಪೂಲ್ ಪಕ್ಕದಲ್ಲಿ ಈ ಹೆಸರು ಬರೆದಿಟ್ಟದ್ದು ಯಾರೋ ನಕ್ಷೆಯನ್ನು ಪ್ರೀತಿಯಿಂದ ನೋಡಿದವರೇ ಇರಬೇಕು.

ಇಲ್ಲಿ ಬ್ಯಾರಾದ ಉದಾರತೆ ಇಲ್ಲ. ಪಟ್ಟಿ 400 ಮೀಟರಿಗೂ ಕಡಿಮೆ, ಎರಡೂ ತುದಿಯ ಆಚೆ ಬಂಡೆ ಮತ್ತು ನೀರು. ಎಕ್ಸ್‌ಕಬ್‌ನಂಥ ಹಗುರ ವಿಮಾನಕ್ಕೆ ಇದು ಸಲೀಸು. ಸೆಸ್ನಾ 172 ಆದರೆ ಇಬ್ಬರು ಮಾತ್ರ, ಅರ್ಧ ಟ್ಯಾಂಕ್, 60 ನಾಟ್‌ಗೆ ಒಂದೂ ಹೆಚ್ಚಿಲ್ಲದ ವೇಗ. 70ರಲ್ಲಿ ಬಂದವರು ಪಟ್ಟಿಯ ನಡುವಿನವರೆಗೆ ತೇಲುತ್ತಾರೆ, ಆಮೇಲೆ ಬ್ರೇಕ್ ಒತ್ತಿದರೂ ಜಲ್ಲಿ ಮೇಲೆ ಚಕ್ರ ಜಾರುತ್ತದೆ. ಮುಟ್ಟುವ ಜಾಗ ಮೊದಲೇ ನಿಗದಿ ಮಾಡಿ. ಮೊದಲ ಕಾಲುಭಾಗದೊಳಗೆ ಚಕ್ರ ಮುಟ್ಟದಿದ್ದರೆ ಪೂರ್ತಿ ಥ್ರಾಟಲ್, ಮತ್ತೊಂದು ಸುತ್ತು. ಐದು ಸಲ ಸುತ್ತು ಹಾಕಿ ಆರನೇ ಸಲ ಇಳಿದರೂ ನಾಚಿಕೆಯಿಲ್ಲ. ಸೀನರಿ ಚಿಕ್ಕದು, ಹೇಳಲು ಹೆಚ್ಚಿಲ್ಲ. ಪಟ್ಟಿ ಸರಿಯಾಗಿದೆ, ಸುತ್ತಲಿನ ನೆಲದ ಏರಿಳಿತ ನಂಬುವಂತಿದೆ, ಅಷ್ಟು ಸಾಕು.

ಕೈಯಿಂದ ಕಟ್ಟದ ದ್ವೀಪಗಳು

ಇವೆರಡರ ನಡುವೆ ಆರ್ಕ್ನಿ ಇದೆ, ಮತ್ತು ಆರ್ಕ್ನಿಯನ್ನು ಬಿಟ್ಟು ದ್ವೀಪ ಹಾರಾಟದ ಮಾತಿಲ್ಲ. ಕರ್ಕ್‌ವಾಲ್ ಕೇಂದ್ರ, ಅಲ್ಲಿಂದ ವೆಸ್ಟ್ರೇ, ಪಾಪಾ ವೆಸ್ಟ್ರೇ, ಸ್ಯಾಂಡೇ, ಸ್ಟ್ರಾನ್ಸೇ, ಈಡೇ, ನಾರ್ತ್ ರೊನಾಲ್ಡ್ಸೇ ದ್ವೀಪಗಳಿಗೆ ಲೋಗನ್‌ಏರ್‌ನ ಐಲ್ಯಾಂಡರ್ ಎಂಬ ಪುಟ್ಟ ವಿಮಾನಗಳು ನಮ್ಮ ಹಳ್ಳಿ ಬಸ್ಸಿನಂತೆ ಓಡಾಡುತ್ತವೆ. ಈಡೇ ಪಟ್ಟಿಯ ಹೆಸರು 'ಲಂಡನ್ ಏರ್‌ಪೋರ್ಟ್'. ಪಕ್ಕದಲ್ಲಿ ಬೇ ಆಫ್ ಲಂಡನ್ ಎಂಬ ಕೊಲ್ಲಿ ಇರುವುದರಿಂದ ಬಂದ ಹೆಸರು. ಹೀಥ್ರೋಗಿಂತ ಇಲ್ಲಿ ಪಾರ್ಕಿಂಗ್ ಸುಲಭ.

ಪ್ರಸಿದ್ಧವಾದದ್ದು ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇ: 2.7 ಕಿಲೋಮೀಟರ್, ವೇಳಾಪಟ್ಟಿಯಲ್ಲಿ ಎರಡು ನಿಮಿಷ, ಜಗತ್ತಿನ ಅತಿ ಚಿಕ್ಕ ನಿಗದಿತ ಹಾರಾಟ, 1967ರಿಂದ ನಡೆಯುತ್ತಿದೆ. ಪೈಲಟ್ ಸ್ಟುವರ್ಟ್ ಲಿಂಕ್ಲೇಟರ್ ಅವರ ದಾಖಲೆ 53 ಸೆಕೆಂಡ್. ಲೆಕ್ಕ ಹಾಕಿ ನೋಡಿ: ಅಷ್ಟು ದೂರಕ್ಕೆ 53 ಸೆಕೆಂಡ್ ಎಂದರೆ ಸರಾಸರಿ 99 ನಾಟ್, ಅದೂ ಏರುವುದು ಇಳಿಯುವುದು ಸೇರಿ. ಸಿಮ್‌ನಲ್ಲಿ ಇದನ್ನು ಮೀರಿಸಲು ಹೊರಟವರು ಹೆಚ್ಚಾಗಿ ಮಾಡುವ ತಪ್ಪು ಮೇಲಕ್ಕೇರುವುದು. ಸಾವಿರ ಅಡಿಗೆ ಏರಿದರೆ ಇಳಿಯುವಷ್ಟರಲ್ಲಿ ಪಾಪಾ ವೆಸ್ಟ್ರೇ ಹಿಂದೆ ಹೋಗಿರುತ್ತದೆ. ಐಲ್ಯಾಂಡರ್‌ನಲ್ಲಿ ಟೇಕಾಫ್ ಫ್ಲ್ಯಾಪ್ 25 ಡಿಗ್ರಿ. ಅದನ್ನು ಎತ್ತಲೇ ಬೇಡಿ. 300–400 ಅಡಿಗೆ ನಿಲ್ಲಿಸಿ, ನಡುವಿನ ನೀರು ದಾಟುವಾಗಲೇ ಥ್ರಾಟಲ್ ಹಿಂದೆ ತಂದು, ವೇಗ ವೇಗಮಾಪಕದ ಬಿಳಿ ಪಟ್ಟಿಯೊಳಗೆ ಬಂದ ಮೇಲೆ ಪೂರ್ತಿ ಫ್ಲ್ಯಾಪ್ 56 ಡಿಗ್ರಿ. ಅದು ಬಿದ್ದ ಕೂಡಲೇ ಗೋಡೆಗೆ ಮುಟ್ಟಿದ ಹಾಗೆ ವೇಗ ಕುಸಿಯುತ್ತದೆ, ಮೂತಿ ಕೆಳಗೆ ಒತ್ತಿ 65 ನಾಟ್ ಹಿಡಿಯಬೇಕು. ಸಿಮ್‌ಗೆ ಬ್ಲ್ಯಾಕ್‌ಬಾಕ್ಸ್ ಸಿಮ್ಯುಲೇಶನ್ ಮಾಡಿದ ಐಲ್ಯಾಂಡರ್ ಸಿಗುತ್ತದೆ, ಇದೂ ದುಡ್ಡಿನದು. ನಿಜದ 260 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್‌ಗಳಿಗೆ ಕಾರ್ಬ್ಯುರೇಟರ್ ಇದೆ. ಅಂದರೆ ಆರ್ಕ್ನಿಯ ತೇವದ ಚಳಿಯಲ್ಲಿ ಥ್ರಾಟಲ್ ಹಿಂದೆ ಎಳೆಯುವ ಮೊದಲು ಕಾರ್ಬ್ ಹೀಟ್ (ಕಾರ್ಬ್ಯುರೇಟರ್ ಬಿಸಿ ಮಾಡುವ ವ್ಯವಸ್ಥೆ) ಹಾಕುವ ಅಭ್ಯಾಸ ಬೇಕು. ಮೋಡದೊಳಗೆ ನುಗ್ಗದಿದ್ದರೂ ಕಾರ್ಬ್ಯುರೇಟರ್‌ನಲ್ಲಿ ಹಿಮ ಕಟ್ಟುತ್ತದೆ. ಕಾರಣ ಒಳಗೆ ಪೆಟ್ರೋಲ್ ಆವಿಯಾಗುವಾಗ ಗಾಳಿ ಇನ್ನಷ್ಟು ತಣ್ಣಗಾಗುವುದು.

ಸೀನರಿಯ ಗುಣಮಟ್ಟ ಇಲ್ಲಿ ಬೇರೆ ಮಟ್ಟದ್ದು. ಈ ಪಟ್ಟಿಗಳನ್ನು ಸಿಮ್ ಉಪಗ್ರಹ ಚಿತ್ರ ಮತ್ತು ತನ್ನ ದತ್ತಾಂಶ ಸೇರಿಸಿ ತಾನೇ ಕಟ್ಟಿಕೊಂಡಿದೆ. ಸಾಮಾನ್ಯವಾಗಿ ಕಾಣುವ ದೋಷಗಳು ಮೂರು. ಜಲ್ಲಿ ಪಟ್ಟಿಯ ನಡುವೆ ಮೊಣಕಾಲೆತ್ತರ ಹುಲ್ಲು ಎದ್ದು ನಿಲ್ಲುತ್ತದೆ. ಗ್ರಾಫಿಕ್ಸ್‌ನಲ್ಲಿ ಹುಲ್ಲು-ಪೊದೆಗಳ ಮಟ್ಟವನ್ನು ಲೋಗೆ ಇಳಿಸಿದರೆ ತೊಂದರೆ ಬಹುಮಟ್ಟಿಗೆ ಹೋಗುತ್ತದೆ. ಎರಡನೆಯದು ನೆಲದ ಉಬ್ಬುತಗ್ಗು. ಎತ್ತರ ನಕ್ಷೆಯ ಸಣ್ಣ ತಪ್ಪು ದೊಡ್ಡ ನಿಲ್ದಾಣದಲ್ಲಿ ಗೊತ್ತಾಗುವುದಿಲ್ಲ. 500 ಮೀಟರ್ ಪಟ್ಟಿಯಲ್ಲಿ ಅದೇ ತಪ್ಪು ವಿಮಾನವನ್ನು ಸ್ಪೀಡ್ ಬ್ರೇಕರ್ ಮೇಲೆ ಹಾರಿದ ಆಟೋದಂತೆ ಎತ್ತಿ ಹಾಕುತ್ತದೆ. ಇದಕ್ಕೆ ಬೇರೆ ಸೀನರಿ ಹಾಕುವುದೊಂದೇ ಮದ್ದು. ಮೂರನೆಯದು ಕಟ್ಟಡಗಳು. ಪಟ್ಟಿಯ ಪಕ್ಕ ಅಗ್ನಿಶಾಮಕ ಶೆಡ್ ಮತ್ತು ಕಾಯುವ ಕೋಣೆಯಷ್ಟೇ ಇರುವ ದ್ವೀಪಗಳಲ್ಲಿ, ಸಿಮ್ ಎಲ್ಲಿಯದೋ ಒಂದು ಹ್ಯಾಂಗರ್ ತಂದು ನಿಲ್ಲಿಸುತ್ತದೆ. ಪಾಪಾ ವೆಸ್ಟ್ರೇಯಲ್ಲಿ 5,000 ವರ್ಷಕ್ಕೂ ಹಳೆಯದಾದ ನ್ಯಾಪ್ ಆಫ್ ಹಾವರ್ ಎಂಬ ಕಲ್ಲುಮನೆ ಇದೆ. ಅಂಥದ್ದನ್ನೆಲ್ಲ ಇಲ್ಲಿ ಹುಡುಕಲು ಹೋಗಬೇಡಿ.

ಶೆಟ್ಲೆಂಡ್ ಮತ್ತು ಆರ್ಕ್ನಿಯ ನಡುವಿನ ಫೇರ್ ಐಲ್ ಮಾತ್ರ ಸೀನರಿ ಹೇಗಿದ್ದರೂ ಹೋಗಬೇಕಾದ ಜಾಗ. 486 ಮೀಟರ್ ಜಲ್ಲಿ, ಸಮುದ್ರ ಮಟ್ಟದಿಂದ 223 ಅಡಿ ಮೇಲೆ, ದ್ವೀಪದ ನಡುವೆ. ವಾಯವ್ಯದಲ್ಲಿ 217 ಮೀಟರಿನ ವಾರ್ಡ್ ಹಿಲ್. ಆ ಕಡೆಯಿಂದ ಗಾಳಿ ಬೀಸಿದರೆ ಗುಡ್ಡದ ಹಿಂದೆ ಸುಳಿ ಏಳುತ್ತದೆ. ಸಿಮ್ ಇದನ್ನು ಸಾಕಷ್ಟು ಚೆನ್ನಾಗಿ ತೋರಿಸುತ್ತದೆ, ಏಕೆಂದರೆ ಗಾಳಿ ಗುಡ್ಡದ ಆಕಾರಕ್ಕೆ ತಕ್ಕಂತೆ ಏರಿಳಿಯುವ ಲೆಕ್ಕ ಅದರಲ್ಲಿದೆ. ಶೆಟ್ಲೆಂಡ್‌ನ ಸಂಬರಾ ನಿಲ್ದಾಣದಿಂದ ಸುಮಾರು 23 ನಾಟಿಕಲ್ ಮೈಲಿ. ಸಂಬರಾದಲ್ಲೇ ಇನ್ನೊಂದು ತಮಾಷೆ: ಪಶ್ಚಿಮದ ತುದಿಯಲ್ಲಿ ಎ970 ಹೆದ್ದಾರಿ ರನ್‌ವೇಯನ್ನು ಅಡ್ಡ ಹಾಯುತ್ತದೆ, ವಿಮಾನ ಬರುವಾಗ ರೈಲ್ವೆ ಗೇಟಿನ ಹಾಗೆ ಗೇಟು ಹಾಕುತ್ತಾರೆ.

ಹವ್ಯಾಸಿಗಳು ಮಾಡಿದ ಉಚಿತ ಸೀನರಿ ಹಾಕುವವರಿಗೆ ಎಚ್ಚರಿಕೆಯ ಮಾತು ಒಂದಿಷ್ಟು. ಇಳಿಸಿದ ಜಿಪ್ ಬಿಚ್ಚಿ, ಒಳಗಿನ ಫೋಲ್ಡರನ್ನು ಕಮ್ಯುನಿಟಿ ಫೋಲ್ಡರ್‌ಗೆ ಹಾಕಬೇಕು. ಅದು ಎಲ್ಲಿದೆ ಗೊತ್ತಿಲ್ಲದಿದ್ದರೆ ಡೆವಲಪರ್ ಮೋಡ್ ಆನ್ ಮಾಡಿ, ಟೂಲ್ಸ್‌ನಲ್ಲಿ ವರ್ಚುವಲ್ ಫೈಲ್ ಸಿಸ್ಟಮ್ ತೆರೆದು, ಅಲ್ಲಿಂದ ಕಮ್ಯುನಿಟಿ ಫೋಲ್ಡರ್ ತೆರೆಯುವ ಗುಂಡಿ ಒತ್ತಿ. ಸೀನರಿ ಕಾಣದಿದ್ದರೆ ನೂರರಲ್ಲಿ ತೊಂಬತ್ತು ಸಲ ಕಾರಣ ಫೋಲ್ಡರ್ ಒಳಗೆ ಇನ್ನೊಂದು ಫೋಲ್ಡರ್ ಇರುವುದು. ಮ್ಯಾನಿಫೆಸ್ಟ್ ಮತ್ತು ಲೇಔಟ್ ಎಂಬ ಎರಡು ಜೇಸನ್ ಕಡತಗಳು ಮೊದಲ ಪದರದಲ್ಲೇ ಕಾಣಬೇಕು. ಅವು ಇನ್ನೂ ಒಂದು ಪದರ ಒಳಗಿದ್ದರೆ ಸಿಮ್ ನೋಡುವುದಿಲ್ಲ. ಬ್ಯಾರಾಕ್ಕೆ ಹವ್ಯಾಸಿ ಸೀನರಿಯನ್ನೂ ಹಾಕಿದರೆ ಎರಡು ಟರ್ಮಿನಲ್ ಒಂದರೊಳಗೊಂದು ತೂರಿಕೊಂಡೋ, ಕಂಬಗಳು ಗಾಳಿಯಲ್ಲಿ ತೇಲಿಯೋ ಕಂಡಾವು. ಆಗ ಯಾವುದಾದರೊಂದನ್ನು ತೆಗೆಯಬೇಕು. ಕಂಟೆಂಟ್ ಮ್ಯಾನೇಜರ್‌ನಿಂದ ಅಧಿಕೃತ ಪ್ಯಾಕೇಜ್ ಅಳಿಸಿದರೆ ಅದರ ಜೊತೆಯಲ್ಲಿರುವುದೂ ಹೋಗುತ್ತದೆ, ಆದ್ದರಿಂದ ಹವ್ಯಾಸಿಯದನ್ನು ತೆಗೆಯುವುದೇ ಜಾಣತನ. ಸಿಮ್‌ಗೆ ದೊಡ್ಡ ಅಪ್‌ಡೇಟ್ ಬಂದ ಮೇಲೆ ಲೋಡ್ ಆಗುವಾಗಲೇ ಮುಚ್ಚಿಹೋಗುತ್ತಿದ್ದರೆ, ಕಮ್ಯುನಿಟಿ ಫೋಲ್ಡರನ್ನು ಪೂರ್ತಿ ಖಾಲಿ ಮಾಡಿ ನೋಡಿ. ಸರಿಯಾದರೆ ಅರ್ಧ ಹಾಕಿ, ಆಮೇಲೆ ಕಾಲು. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಕಳ್ಳ ಬೇಗ ಸಿಗುತ್ತಾನೆ. ಐವತ್ತು ಅರವತ್ತು ಸೀನರಿ ಇಟ್ಟುಕೊಂಡವರಿಗೆ ಆ್ಯಡ್-ಆನ್ಸ್ ಲಿಂಕರ್ ಎಂಬ ಉಚಿತ ಸಲಕರಣೆ ಬಹಳ ಉಪಯೋಗ: ಕಡತಗಳು ಬೇರೆ ಡಿಸ್ಕಿನಲ್ಲಿದ್ದರೂ ಬೇಕಾದಾಗ ಟಿಕ್ ಹಾಕಿ ಜೋಡಿಸಬಹುದು.

ಎಕ್ಸ್-ಪ್ಲೇನ್ ಎಂಬ ಬೇರೆ ಸಿಮ್ಯುಲೇಟರ್ ಬಳಸುವವರಿಗೆ ಆರ್ಬ್‌ಎಕ್ಸ್‌ನ ಟ್ರೂಅರ್ತ್ ಗ್ರೇಟ್ ಬ್ರಿಟನ್ ನಾರ್ತ್ ಎಂಬ ಸೀನರಿ ಇದೆ. ಉಪಗ್ರಹ ಚಿತ್ರಗಳೆಲ್ಲ ಡಿಸ್ಕಿನಲ್ಲೇ ಕೂರುವುದರಿಂದ ನೆಟ್ ಕೈಕೊಟ್ಟರೂ ಹಾರಬಹುದು. ಬದಲಿಗೆ ಡಿಸ್ಕಿನಲ್ಲಿ ಬಹಳ ಜಾಗ ಬೇಕು, ಬೆಲೆಯೂ ಕೊಡಬೇಕು.

ಬೆಂಗಳೂರಿನಿಂದ 2024ರ ಮಾರ್ಚ್ ಕೊನೆಗೆ ಇಂಡಿಗೋದ ಎಟಿಆರ್ ವಿಮಾನ ಲಕ್ಷದ್ವೀಪದ ಅಗತ್ತಿಗೆ ಹಾರತೊಡಗಿದ ಮೇಲೆ, ನಮ್ಮದೇ ಕಡಲಿನ ದ್ವೀಪಕ್ಕೆ ಸಿಮ್‌ನಲ್ಲಿ ಹೋಗಬೇಕೆಂದು ಕೇಳುವವರಿದ್ದಾರೆ. ಅಗತ್ತಿಯ ರನ್‌ವೇ 1,204 ಮೀಟರ್. ಅದು ಈ ಪ್ಯಾಕಿನಲ್ಲಿ ಇಲ್ಲ. ಆದರೆ ಚಿಕ್ಕ ಪಟ್ಟಿಗೆ ನಿಖರ ವೇಗದಲ್ಲಿ ಬರುವ ಅಭ್ಯಾಸ ಬ್ಯಾರಾದಲ್ಲಿ ಆದರೆ ಅಗತ್ತಿಯಲ್ಲಿ ಕೈ ನಡುಗುವುದಿಲ್ಲ.

ಮೊದಲ ಸಂಜೆಗೆ ಗ್ಲಾಸ್ಗೋದಿಂದ ಹೊರಡಬೇಡಿ, ದಾರಿ ಉದ್ದ. ಬೆನ್‌ಬೆಕ್ಯುಲಾದಲ್ಲಿ ಕ್ಯಾರವಾನ್ ಹತ್ತಿ, ಪಶ್ಚಿಮದ ಗಾಳಿ 10 ನಾಟ್, ಅಲ್ಲಿನ ಮಧ್ಯಾಹ್ನ ಎಂದು ಹೊಂದಿಸಿ. ದಕ್ಷಿಣಕ್ಕೆ ಸೌತ್ ಯೂಯಿಸ್ಟ್‌ನ ಪಶ್ಚಿಮ ತೀರ ಹಿಡಿದು, 1,500 ಅಡಿಯಲ್ಲಿ, ಎಡಗಡೆ ಬೆಟ್ಟ ಬಲಗಡೆ ಸಮುದ್ರ ಇರುವಂತೆ ಹೋಗಿ. ದ್ವೀಪ ಮುಗಿದು ಎರಿಸ್ಕೇ ದಾಟಿದ ಮೇಲೆ ನೀರಿನ ಆಚೆ ಬಿಳಿ ಬಟ್ಟಲು ಕಾಣುತ್ತದೆ. 29ಕ್ಕೆ ಪೂರ್ವದಿಂದ, ನೀರಿನ ಮೇಲಿಂದ ಬನ್ನಿ. ಕಂಬಗಳು ಎದುರಾಗುವ ಮುನ್ನ 80 ನಾಟ್ ಮೀರಿದ್ದರೆ ಮರಳಿಗಿಳಿಯದೆ ಮೇಲೇರಿ, ಟರ್ಮಿನಲ್ ಬಲಗಡೆ ಬಿಟ್ಟು ಇನ್ನೊಂದು ಸುತ್ತು ಹಾಕಿ.